ನವರಾತ್ರಿಯ ಲೈಲಾಕ್

ಸಿಡ್ನಿಯಲ್ಲಿ ಲೈಲಾಕ್ ಹೂ ಬಿಡುವುದಿಲ್ಲ. ತಂದು ನೆಟ್ಟರೆ ಗಿಡ ಸಾಯುವುದಿಲ್ಲ, ಎಲೆ ಬಿಟ್ಟುಕೊಂಡು ನಿಂತಿರುತ್ತದೆ, ಅಷ್ಟೆ. ಅದಕ್ಕೆ ಬೇಕಾದ ಚಳಿ ಅಲ್ಲಿಲ್ಲ. ಇದನ್ನು ನನಗೆ ಹೇಳಿದವರು ನನ್ನ ರಷ್ಯನ್ ಟೀಚರ್. ಅವರ ಹಿತ್ತಲಲ್ಲೇ ಕುಂಡದಲ್ಲಿ ಅಂಥದೊಂದು ಗಿಡವಿತ್ತು. ಹೋಗುವಾಗ ಬರುವಾಗ ಆ ಕುಂಡವನ್ನು ಚಪ್ಪಲಿಯ ತುದಿಯಿಂದ ಒಮ್ಮೆ ಒದೆಯುತ್ತಿದ್ದರು.

ನಾನು ಅವರ ಹತ್ತಿರ ಚಿತ್ರ ಬರೆಯಲು ಕಲಿಯುತ್ತಿದ್ದೆ. ಹಾಗೆ ಹೇಳಿಕೊಳ್ಳಲು ಮೊದಮೊದಲು ನಾಚಿಕೆಯೇ ಆಗುತ್ತಿತ್ತು. ಮದುವೆಗೆ ಮುಂಚೆ ಮೈಸೂರಿನ ಒಂದು ಹೈಸ್ಕೂಲಿನಲ್ಲಿ ನಾನೇ ಡ್ರಾಯಿಂಗ್ ಟೀಚರ್ ಆಗಿದ್ದೆ. ಗಿಳಿ, ಮಾವಿನಕಾಯಿ, ಎರಡು ಗುಡ್ಡದ ನಡುವೆ ಹುಟ್ಟುವ ಸೂರ್ಯ. ಗಣಿತದ ಮೇಷ್ಟ್ರಿಗೆ ಪೋರ್ಷನ್ ಮುಗಿಯದಿದ್ದಾಗ ನನ್ನ ಪೀರಿಯಡ್ ಅವರ ಪಾಲು. ಚಿತ್ರ ಅನ್ನುವುದು ಎಲ್ಲ ಮುಗಿದ ಮೇಲೆ ಹೊತ್ತು ಮಿಕ್ಕರೆ ಮಾಡುವ ಕೆಲಸ ಎಂದು ನನಗೆ ಅಲ್ಲೇ ಗೊತ್ತಾಗಿತ್ತು. ಮೈಸೂರಿನಲ್ಲಿ ಇಂಜಿನಿಯರಿಂಗ್ ಓದಿದ ಉಡುಪಿ ಕಡೆಯ ಹುಡುಗನನ್ನು ಮದುವೆಯಾಗಿ, ಎರಡು ಸಾವಿರದ ಮೂರೋ ನಾಲ್ಕೋ, ಸಿಡ್ನಿಗೆ ಬಂದೆ. ಪೆಂಡಲ್ ಹಿಲ್ ಸ್ಟೇಷನ್ನಿನ ಹಿಂದೆ ಎರಡು ಕೋಣೆಯ ಯೂನಿಟ್. ನನ್ನ ಗಂಡ ಬೆಳಿಗ್ಗೆ ರೈಲು ಹತ್ತಿ ನಾರ್ತ್ ಸಿಡ್ನಿಯ ಆಫೀಸಿಗೆ ಹೋದರೆ ಬರುವುದು ಕತ್ತಲಾದ ಮೇಲೆ. ನಾನು ಕೆಳಗಿನ ಇಂಡಿಯನ್ ಗ್ರಾಸರಿಯಲ್ಲಿ ಅರ್ಧ ದಿನ ತೊಗರಿಬೇಳೆ ಪೊಟ್ಟಣ ಕಟ್ಟುತ್ತಿದ್ದೆ. ಉಳಿದರ್ಧ ದಿನ ಗೋಡೆ ನೋಡುತ್ತಿದ್ದೆ.

ಲೈಬ್ರರಿಯ ಬೋರ್ಡಿನ ಮೇಲೆ ಕೈಬರಹದ ಚೀಟಿಯೊಂದು ಕಂಡಿತು. ಎಣ್ಣೆಬಣ್ಣ ಕಲಿಸುತ್ತೇನೆ, ಶನಿವಾರ, ಸೋಮಾರಿಗಳು ಬರಬೇಡಿ, ಎಂದಿತ್ತು. ಈ ಕೊನೆಯ ಮಾತಿಗೆ ಸಿಟ್ಟು ಬಂದು ಹೋದೆ.

ಟೀಚರ್ ಎಪ್ಪತ್ತರ ಹತ್ತಿರದವರು. ಗಿಡ್ಡ ಕೂದಲು, ದಪ್ಪ ಕಾಲು, ಗಂಡಸಿನ ಧ್ವನಿ. ತಮ್ಮ ಊರಿನ ಕಲಾಶಾಲೆಯಲ್ಲಿ ಮೂವತ್ತು ವರ್ಷ ಪಾಠ ಮಾಡಿ, ಆ ದೇಶ ಚೂರಾದ ಮೇಲೆ ಮಗಳ ಜೊತೆ ಇಲ್ಲಿಗೆ ಬಂದವರು. ಮಗಳು ಆಮೇಲೆ ಕೆನಡಾಕ್ಕೆ ಹೋದಳು, ಇವರು ಉಳಿದರು. ಅವರ ಇಂಗ್ಲಿಷೂ ಕುಂಟುತ್ತಿತ್ತು, ನನ್ನದೂ ಕುಂಟುತ್ತಿತ್ತು, ಹಾಗಾಗಿ ಇಬ್ಬರೂ ಒಂದೇ ವೇಗದಲ್ಲಿ ನಡೆಯುತ್ತಿದ್ದೆವು. ನಾನು ಮೇಡಂ ಎಂದರೆ ಅವರಿಗೆ ಸರಿಬರುತ್ತಿರಲಿಲ್ಲ. ಹೆಸರು ಹಿಡಿದು ಕರೆ ಅನ್ನುತ್ತಿದ್ದರು. ಗುರುಗಳನ್ನು ಹೆಸರು ಹಿಡಿದು ಕರೆಯಲು ನನ್ನ ನಾಲಗೆ ಏಳಲಿಲ್ಲ, ಟೀಚರ್ ಎಂದೇ ಉಳಿಸಿಕೊಂಡೆ.

ಅವರ ಗ್ಯಾರೇಜಿನ ಗೋಡೆಯ ಮೇಲೆ ಒಂದೇ ಒಂದು ಚಿತ್ರ. ಬಿಳಿಯ ಎನಾಮೆಲ್ ಬಕೆಟ್ಟಿನ ತುಂಬ ಲೈಲಾಕ್, ಮೇಜಿಗೆ ಹಾಸಿದ ಹಳೆಯ ಪತ್ರಿಕೆ, ಅದರ ಮೇಲೆ ಉದುರಿದ ನಾಲ್ಕಾರು ಹೂ. ಕಲಾಶಾಲೆಯ ಕೊನೆಯ ಪರೀಕ್ಷೆಗೆ ಅವರು ಬರೆದದ್ದು. ದೇಶ ಬಿಡುವಾಗ ಎರಡು ಟವೆಲ್ಲಿನ ನಡುವೆ ಸುತ್ತಿ ತಂದಿದ್ದರಂತೆ. ಹತ್ತಿರ ಹೋಗಿ ನೋಡಿದರೆ ಅಲ್ಲಿ ಹೂವೇ ಇಲ್ಲ. ಚಾಕುವಿನಲ್ಲಿ ಮೆತ್ತಿದ ಬಣ್ಣದ ಮುದ್ದೆಗಳು: ಬೂದಿ, ನೀಲಿ, ಗುಲಾಬಿ, ಒಂದು ಕಡೆ ಕೊಳೆ ಹಸಿರು ಕೂಡ. ಹಿಂದಕ್ಕೆ ಸರಿದು ನಿಂತರೆ ಅದೆಲ್ಲ ಸೇರಿ ಈಗಷ್ಟೇ ಕೊಯ್ದು ತಂದ ಹೂವಾಗುತ್ತಿತ್ತು, ನೀರು ಕೂಡ ಇನ್ನೂ ಆರಿಲ್ಲ ಅನ್ನಿಸುತ್ತಿತ್ತು. ನಾನು ಮಕ್ಕಳಿಗೆ ಎಸಳು ಎಣಿಸಿ ಬಣ್ಣ ತುಂಬಲು ಹೇಳಿಕೊಟ್ಟವಳು. ಆ ಚಿತ್ರದ ಮುಂದೆ ನಿಂತಾಗ ನನ್ನ ಅಷ್ಟೂ ವರ್ಷದ ನೌಕರಿಯ ಮೇಲೆ ಯಾರೋ ಉಗುಳಿದ ಹಾಗಾಯಿತು.

ಅವರ ಕಡೆ ಚಿತ್ರಕಾರರೆಂದರೆ ಲೈಲಾಕ್ ಬರೆದಿರಲೇಬೇಕಂತೆ. ದೊಡ್ಡವರೆಲ್ಲ ಬರೆದಿದ್ದಾರೆ. ಬುಟ್ಟಿಯಲ್ಲಿಟ್ಟು ಬರೆದವರು, ತೆರೆದ ಕಿಟಕಿಯಲ್ಲಿಟ್ಟು ಬರೆದವರು, ಯುದ್ಧ ಮುಗಿದ ವಸಂತದಲ್ಲಿ ಒದ್ದೆ ಗೊಂಚಲು ತಂದು ಗಾಜಿನ ಜಾಡಿಗೆ ತುರುಕಿ ಬರೆದವರು. ಸಂಗೀತಕ್ಕೆ ಕೂತವರಿಗೆ ಸರಳೆವರಸೆ ಇದ್ದ ಹಾಗೆ ಇರಬೇಕು ಎಂದು ನಾನು ಅಂದುಕೊಂಡೆ. ಅಲ್ಲವಂತೆ, ಅದು ಮೊದಲ ಪಾಠವಲ್ಲ, ಕೊನೆಯದು. ತಿಂಗಳುಗಟ್ಟಲೆ ಹಿಮ ಬಿದ್ದು ಕರಗಿದ ಮೇಲೆ ಬರುವ ಹೂ, ಕೊಯ್ದ ಮರುದಿನಕ್ಕೇ ಬಾಡಲು ಶುರು. ವಿದ್ಯಾರ್ಥಿಗಳು ತೋಳುತುಂಬ ಕಡಿದು ತಂದು, ಅದು ತಲೆ ಬಾಗಿಸುವುದರೊಳಗೆ ಬರೆದು ಮುಗಿಸಬೇಕು. ಅಂಗಡಿಯ ನೇರಳೆ ಟ್ಯೂಬ್ ಮುಟ್ಟುವಂತಿಲ್ಲ, ಆ ಬಣ್ಣವನ್ನು ಬೇರೆ ಬಣ್ಣಗಳಿಂದ ಹುಟ್ಟಿಸಬೇಕು.

ಇನ್ನೊಂದು ಪದ್ಧತಿಯನ್ನೂ ಹೇಳಿದ್ದರು. ಲೈಲಾಕಿನ ಪುಟ್ಟ ಹೂವಿಗೆ ನಾಲ್ಕು ಎಸಳು. ಎಲ್ಲೋ ಒಂದಕ್ಕೆ ಐದಿರುತ್ತದೆ. ಅದು ಕಣ್ಣಿಗೆ ಬಿದ್ದವರು ಮನಸ್ಸಿನಲ್ಲಿ ಒಂದು ಆಸೆ ಹೇಳಿಕೊಂಡು ಆ ಹೂವನ್ನು ಅಗಿದು ನುಂಗಿದರೆ ಆಸೆ ಕೈಗೂಡುತ್ತದೆ. ಪರೀಕ್ಷೆಯ ಬೆಳಿಗ್ಗೆ ಇಡೀ ತರಗತಿ ಐದೆಸಳು ಹುಡುಕುತ್ತಾ ಮೇಕೆಗಳ ಹಾಗೆ ಮೇಯುತ್ತಿತ್ತು ಎಂದು ಟೀಚರ್ ನಗುತ್ತಿದ್ದರು.

ಒಂದು ಶನಿವಾರ ಧೈರ್ಯ ಮಾಡಿ ಕೇಳಿದೆ, ನಾನು ಪೇಂಟರ್ ಹೌದೋ ಅಲ್ಲವೋ ಎಂದು. ಆಗ ನಾನು ಬದನೆಕಾಯಿ, ಬಾಟಲಿ, ಟೀಚರ್ ಮನೆಯ ಒಲೆ, ಅವರ ಬೂಟು, ಎಲ್ಲ ಬರೆದು ಮುಗಿಸಿದ್ದೆ.

"ಲೈಲಾಕ್ ಬರೆ," ಅಂದರು. "ನನ್ನ ಕಣ್ಣೆದುರಿಗೆ ಬರೆ. ಆಮೇಲೆ ಹೇಳ್ತೀನಿ."

ಫೋಟೋ ನೋಡಿ ಬರೆಯಲೇ ಎಂದೆ. ಸತ್ತವರ ಮುಖ ನೋಡಿ ಮಾತಾಡಿಸ್ತೀಯಾ ಅಂದರು. ಬಟ್ಟೆಯ ಹೂ ತಂದುಕೊಂಡರೆ ಎಂದೆ. ಅವರು ಕುಂಚ ತೊಳೆಯಲು ಎದ್ದು ಹೋದರು. ನವೆಂಬರಿನಲ್ಲಿ ಸಿಡ್ನಿಯ ಬೀದಿಗಳೆಲ್ಲ ಜಾಕರಾಂಡ ಹೂವಿನಿಂದ ನೇರಳೆಯಾದಾಗ ನನ್ನ ಗಂಡ, "ಅದೇ ಕಲರ್ ತಾನೆ? ಇದನ್ನೇ ಪೇಂಟ್ ಮಾಡು, ಫ್ರೀಯಾಗಿ ಬಿದ್ದಿದೆ," ಎಂದು ಸಲಹೆ ಕೊಟ್ಟರು. ಅವರ ದೃಷ್ಟಿಯಲ್ಲಿ ಹೂವಿಗೆ ಕಲರ್ ಒಂದಿದ್ದರೆ ಸಾಕು. ಕೆಟ್ಟವರಲ್ಲ ಅವರು, ಅದೇ ಕಷ್ಟ. ಕೆಟ್ಟವರಾಗಿದ್ದರೆ ಜಗಳವಾಡಿ ಹಗುರಾಗಬಹುದಿತ್ತು.

ಇಲ್ಲೇ ಖಾಯಂ ನೆಲೆಸಲು ಪಿಆರ್ ಬಂತು. ಅದರ ಹಿಂದೆಯೇ ಅವರಿಗೆ ಮೆಲ್ಬರ್ನ್ ಆಫೀಸಿನಲ್ಲಿ ಕೆಲಸ ಬಂತು. ಆ ಊರಂಚಿನ ಕ್ರೇಗಿಬರ್ನ್‌ನಲ್ಲಿ ಹೊಸ ಮನೆ ಕೊಂಡೆವು, ಮಾರ್ಟ್‌ಗೇಜ್ ಎಂಬ ಯಜಮಾನ ಬಂದ. ಸುತ್ತ ಎಲ್ಲವೂ ಹೊಸತು. ಹೊಸ ಬೀದಿ, ಹೊಸ ಬೇಲಿ, ಮೊಣಕಾಲೆತ್ತರದ ಹೊಸ ಮರಗಳು. ಆದರೆ ಊರಿನ ಆಚೆ ಡ್ಯಾಂಡೆನಾಂಗ್ ಬೆಟ್ಟದ ಮೇಲೆ ಚಳಿ ಬೀಳುತ್ತದೆ. ಅಲ್ಲಿ ಒಂದು ತೋಟದಲ್ಲಿ ಪ್ರತಿ ವಸಂತಕ್ಕೆ ಲೈಲಾಕ್ ಕೊಯ್ದು ಮಾರುತ್ತಾರೆ ಎಂದು ಮೊದಲ ವರ್ಷವೇ ಪತ್ತೆ ಹಚ್ಚಿದೆ. ಟೀಚರ್ ಇದ್ದ ಊರಲ್ಲಿ ಹೂವಿರಲಿಲ್ಲ. ಹೂವಿದ್ದ ಊರಿಗೆ ಬಂದರೆ ಟೀಚರ್ ಇಲ್ಲ. ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ ಅನ್ನುವ ಗಾದೆ ಮಾಡಿದವರು ನನ್ನನ್ನು ನೋಡಿಯೇ ಮಾಡಿರಬೇಕು.

ಎರಡು ವರ್ಷ ಫೋನಿನಲ್ಲೇ ಕರೆದೆ. ಬನ್ನಿ ಟೀಚರ್, ಒಂದೇ ಒಂದು ಸಲ, ಒಂದೂವರೆ ಗಂಟೆಯ ಫ್ಲೈಟು. ಮಂಡಿ ನೋವು, ಬೆಕ್ಕು, ಮುಂದಿನ ವರ್ಷ ಎಂದು ತಳ್ಳುತ್ತಿದ್ದರು. ಮೂರನೆಯ ವರ್ಷ ಅವರೇ ಫೋನು ಮಾಡಿದರು. ಮಗಳು ಕೆನಡಾಕ್ಕೆ ಕರೆಸಿಕೊಳ್ಳುತ್ತಿದ್ದಾಳೆ, ಕ್ರಿಸ್‌ಮಸ್‌ಗೆ ಮುಂಚೆ ಹೊರಡುತ್ತೇನೆ, ಇನ್ನು ವಾಪಸ್ಸಿಲ್ಲ. "ನಿನ್ನ ಸಿರೇನ್ ನೋಡಿಯೇ ಹೋಗ್ತೀನಿ," ಅಂದರು. ಸಿರೇನ್ ಎಂದರೆ ಅವರ ಭಾಷೆಯಲ್ಲಿ ಲೈಲಾಕ್. ಅಕ್ಟೋಬರಿನ ಒಂದು ಶನಿವಾರ ಬಂದು ಭಾನುವಾರ ಹೋಗುವುದೆಂದು ಟಿಕೆಟ್ ಬುಕ್ ಮಾಡಿದೆವು.

ಆ ಹೊತ್ತಿಗೆ ನನ್ನ ಅತ್ತೆ ಉಡುಪಿಯಿಂದ ಬಂದು ಮೂರು ತಿಂಗಳಾಗಿತ್ತು. ಮಗನ ಜೊತೆ ತುಳು, ನನ್ನ ಜೊತೆ ಅವರ ಕಡೆಯ ಕನ್ನಡ. ಸಿಡುಕಿನ ಹೆಂಗಸಲ್ಲ. ಊಟ, ಚಳಿ, ಪಕ್ಕದ ಮನೆಯ ನಾಯಿ, ಯಾವುದರ ಬಗ್ಗೆಯೂ ದೂರಿದವರಲ್ಲ. ಅವರ ಸಂಕಟ ಒಂದೇ: ದೇವರಿಗೆ ಹೂವಿಲ್ಲ. ಊರಲ್ಲಿ ದಿನಾ ಬೆಳಿಗ್ಗೆ ಬಾಳೆನಾರಿನಲ್ಲಿ ಮಲ್ಲಿಗೆ ಕಟ್ಟಿ ಏರಿಸಿದ ಕೈ. ಇಲ್ಲಿ ಸೂಪರ್ ಮಾರ್ಕೆಟ್ಟಿನ ಸೇವಂತಿಗೆ ತಂದುಕೊಟ್ಟರೆ ಮೂಸಿ ಕೂಡ ನೋಡದೆ, "ಪರಿಮಳ ಇಲ್ಲದ್ದು ಹೂವಾ? ಕಾಗದ ಅದು," ಅನ್ನುತ್ತಿದ್ದರು. ಟೀಚರ್ ಬರುವ ಶನಿವಾರ ನವರಾತ್ರಿಯ ನಡುವೆ ಬಿದ್ದಿತ್ತು. ಅತ್ತೆ ಅದೇ ಸಂಜೆಗೆ ಬೀದಿಯ ಹೆಂಗಸರನ್ನೆಲ್ಲ ಕುಂಕುಮಕ್ಕೆ ಕರೆದಿದ್ದರು.

ಶುಕ್ರವಾರ ಬೆಟ್ಟಕ್ಕೆ ಹೋಗಿ ಹೂ ತಂದೆ. ಕಾರಿನ ಹಿಂದಿನ ಸೀಟು ತುಂಬ ಲೈಲಾಕ್. ದಾರಿಯುದ್ದಕ್ಕೂ ಕಿಟಕಿ ತೆರೆಯದೆ ಆ ಪರಿಮಳದೊಳಗೆ ಕೂತು ಬಂದೆ. ಅಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ, ಇದ್ದದ್ದು ಇದ್ದ ಹಾಗೆ ಹೇಳಿಬಿಡಬೇಕು. ಟೀಚರ್ ಫೋನಿನಲ್ಲಿ ಹೇಳಿಕೊಟ್ಟ ಹಾಗೆ ಎಲೆ ಸವರಿ, ದಂಟಿನ ಬುಡವನ್ನು ಕುಟ್ಟಾಣಿಯಲ್ಲಿ ಜಜ್ಜಿ, ತಣ್ಣೀರಿನ ಬಕೆಟ್ಟಿಗೆ ಇಳಿಸಿ, ಬಟ್ಟೆ ಒಗೆಯುವ ಕೋಣೆಯಲ್ಲಿ ಕತ್ತಲು ಮಾಡಿ ಇಟ್ಟೆ. ಇಡುವಾಗ ಕಂಡಿತು. ಒಂದು ಗೊಂಚಲಿನ ತುದಿಯ ಹತ್ತಿರ, ಐದೆಸಳು. ಮತ್ತೆ ಮತ್ತೆ ನೋಡಿದೆ. ಐದೇ. ಮರೆತುಹೋಗದಿರಲಿ ಎಂದು ಆ ಗೊಂಚಲಿಗೆ ಬಿಳಿ ನೂಲು ಸುತ್ತಿದೆ. ಟೀಚರ್‌ಗೆ ಫೋನು ಮಾಡಿ ಹೇಳಿದೆ.

"ತಿಂದೆಯಾ?" ಎಂದು ಕೇಳಿದರು.

"ಇಲ್ಲ ಟೀಚರ್, ನೀವು ಬಂದು ನೋಡಿದ ಮೇಲೆ."

"ಸರಿ, ಇಟ್ಟಿರು," ಅಂದರು.

ಆಮೇಲೆ ನಾನು ಗೆಸ್ಟ್ ರೂಮಿನ ಹಾಸಿಗೆ ಬದಲಿಸಿದೆ, ಬಚ್ಚಲು ತೊಳೆದೆ, ಮರುದಿನದ ಕುಂಕುಮಕ್ಕೆ ಕಡಲೆ ನೆನೆಹಾಕಿದೆ, ತೆಂಗಿನಕಾಯಿ ತುರಿದಿಟ್ಟೆ. ಬೆಳಕು ಚೆನ್ನಾಗಿ ಬೀಳುವ ಊಟದ ಮನೆಯ ಕಿಟಕಿಯ ಹತ್ತಿರ, ಚಿತ್ರದ ಹಲಗೆ ಇಡುವ ಎರಡು ಈಸೆಲ್ ನಿಲ್ಲಿಸಿದೆ, ಒಂದು ಅವರಿಗೆ, ಒಂದು ನನಗೆ. ಈ ಕೆಲಸಗಳ ಪಟ್ಟಿ ಸುಮ್ಮನೆ ಹೇಳುತ್ತಿಲ್ಲ. ಮುಂದೆ ಬೇಕಾಗುತ್ತದೆ.

ಬೆಳಿಗ್ಗೆ ಏರ್‌ಪೋರ್ಟಿಗೆ ಹೊರಟಾಗ ಅತ್ತೆ ಸ್ನಾನಕ್ಕೆ ಹೋಗಿದ್ದರು. ಗಂಡ ಹಿತ್ತಲಲ್ಲಿ ಹುಲ್ಲು ಕತ್ತರಿಸುತ್ತಿದ್ದರು. ಬಕೆಟ್ಟಿನಲ್ಲಿ ಹೂವಿದೆ, ಟೀಚರ್‌ಗೆ, ನೋಡಿಕೊಳ್ಳಿ, ಎಂದು ಯಂತ್ರದ ಸದ್ದಿನ ಮೇಲೆ ಕೂಗಿ ಹೇಳಿದೆ. ಅವರು ಹೆಬ್ಬೆರಳೆತ್ತಿದರು. ಸಿಡ್ನಿಯಲ್ಲಿ ಮಂಜು ಕವಿದು ಫ್ಲೈಟು ತಡವಾಯಿತು. ಎರಡು ಗಂಟೆಗೂ ಹೆಚ್ಚು ಹೊತ್ತು ಏರ್‌ಪೋರ್ಟಿನ ಕುರ್ಚಿಯಲ್ಲಿ ಕೂತು ಮನಸ್ಸಿನಲ್ಲೇ ಬಣ್ಣ ಕಲಸಿದೆ. ಟೀಚರ್ ಗಾಲಿಕುರ್ಚಿಯಲ್ಲಿ ಬಂದರು, ತೊಡೆಯ ಮೇಲೆ ಬಣ್ಣದ ಪೆಟ್ಟಿಗೆ. ನನ್ನನ್ನು ತಬ್ಬಿಕೊಂಡು, "ಎಲ್ಲಿ ಸಿರೇನ್?" ಅಂದರು.

ಮನೆಯ ಬಾಗಿಲು ತೆರೆದ ಕೂಡಲೇ ಪರಿಮಳ. ಟೀಚರ್ ಹೊಸಿಲಲ್ಲೇ ನಿಂತು ಕಣ್ಣು ಮುಚ್ಚಿದರು. ಬಾಗಿಲು ಮುಚ್ಚಿಟ್ಟ ಕೋಣೆಯ ಹೂವಿನ ಪರಿಮಳ ಇಲ್ಲಿಗೆ ಹೇಗೆ ಬಂತು?

ದೇವರ ಮೂಲೆಯಲ್ಲಿ ದೇವಿಯ ಫೋಟೋಕ್ಕೆ ಎರಡು ಸುತ್ತು ಮಾಲೆ. ಪಕ್ಕದ ಕೃಷ್ಣನಿಗೆ ಒಂದು. ಗಣಪತಿಗೆ ಒಂದು. ಹೊಸಿಲಿಗೆ ಒಂದು ತುಂಡು. ದೀಪದ ಬುಡದಲ್ಲಿ ಬಿಡಿ ಹೂವಿನ ರಾಶಿ. ಮೂರು ಮೂರು ಹೂ ಸೇರಿಸಿ, ಒತ್ತಾಗಿ, ಒಂದೂ ಸಡಿಲವಿಲ್ಲದ ಹಾಗೆ ಕಟ್ಟಿದ್ದರು. ನಾನು ಬಟ್ಟೆ ಒಗೆಯುವ ಕೋಣೆಗೆ ಓಡಿದೆ. ಬಕೆಟ್ಟಿನಲ್ಲಿ ನೀರಿತ್ತು. ನೀರಿನಲ್ಲಿ ಬೋಳು ದಂಟುಗಳಿದ್ದವು. ಒಂದು ಹೂವನ್ನೂ ಉಳಿಸಿರಲಿಲ್ಲ. ನಾನು ಆ ಕತ್ತಲೆ ಕೋಣೆಯಲ್ಲಿ ಎಷ್ಟು ಹೊತ್ತು ನಿಂತೆನೋ ಗೊತ್ತಿಲ್ಲ. ಹೂವಿನ ಜೊತೆ ನಾರೂ ಸ್ವರ್ಗಕ್ಕೆ ಹೋಯಿತು ಅನ್ನುತ್ತಾರೆ. ಹೂವೇನೋ ಹೋಗಿತ್ತು.

ಹೊರಗೆ ಬಂದರೆ ಅತ್ತೆಯ ಮುಖ ಬೆಳಗುತ್ತಿತ್ತು. ಬಂದ ಮೂರು ತಿಂಗಳಲ್ಲಿ ಆ ಮುಖ ನಾನು ನೋಡಿರಲಿಲ್ಲ.

"ಎಂತ ಮಾರಾಯ್ತಿ, ಇಂಥಾ ಹೂ ತಂದು ಬಟ್ಟೆ ಒಗೆಯುವಲ್ಲಿ ಅಡಗಿಸಿ ಇಟ್ಟಿದ್ದೀಯಲ್ಲ! ನನಗೆ ಆಶ್ಚರ್ಯ ಆಗಲಿ ಅಂತಲಾ? ಪರಿಮಳ ಬಂತು, ಹುಡುಕಿಕೊಂಡು ಹೋದೆ. ಮಲ್ಲಿಗೆಯ ಹಾಗೇ ಕಟ್ಲಿಕ್ಕೆ ಆಗ್ತದೆ, ಗೊತ್ತುಂಟಾ?"

ನಾನು ಗಂಡನ ಮುಖ ನೋಡಿದೆ. ಅವರು ನನ್ನನ್ನು ಅಡುಗೆಮನೆಗೆ ಕರೆದು ದನಿ ತಗ್ಗಿಸಿ, "ನೂಲು ಎಲ್ಲಿದೆ ಅಂತ ಕೇಳಿದ್ಲು, ಕೊಟ್ಟೆ. ಅಷ್ಟು ಖುಷಿಯಾಗಿದ್ಲು, ಹೇಗೆ ಬೇಡ ಅನ್ಲಿ? ಸ್ವಲ್ಪ ಬಿಟ್ಟಿರ್ತಾಳೆ ಅಂದ್ಕೊಂಡೆ," ಅಂದರು. ಆಮೇಲೆ, "ಹೂ ತಾನೆ, ನೆಕ್ಸ್ಟ್ ವೀಕ್ ಇನ್ನೊಂದು ಬಂಚ್ ತಂದ್ರಾಯ್ತು ಬಿಡು," ಅಂದರು.

"ನೆಕ್ಸ್ಟ್ ವೀಕ್ ಟೀಚರ್ ಇರಲ್ಲ."

"ಅಮ್ಮನಿಗೆ ಹೇಳ್ಬೇಡ. ನವರಾತ್ರಿ. ನೊಂದ್ಕೋತಾಳೆ."

ಹೇಳಲಿಲ್ಲ. ಈಗ ಯೋಚಿಸಿದರೆ ನನ್ನ ಹೊಟ್ಟೆ ಉರಿಯುವುದು ಅಲ್ಲೇ. ದೇವರಿಗೆ ಏರಿಸಿದ ಹೂವಿನ ಬಗ್ಗೆ ಯಾರ ಹತ್ತಿರ ಜಗಳವಾಡುವುದು? ಬೈದರೆ ಪಾಪ, ಅತ್ತರೆ ಅಪಶಕುನ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ತೀರಿಸೋಣವೆಂದರೆ ನಮ್ಮ ಮನೆಯಲ್ಲಿ ಕೊತ್ತಿಯೂ ಇರಲಿಲ್ಲ.

ಟೀಚರ್ ಸಿಟ್ಟಾಗುತ್ತಾರೆ, ನನ್ನ ಪರವಾಗಿ ಒಬ್ಬರಾದರೂ ಸಿಟ್ಟಾಗುತ್ತಾರೆ ಎಂದು ಕಾದೆ. ಅವರು ಬೋಳು ದಂಟು ನೋಡಿದರು, ಮಾಲೆ ನೋಡಿದರು, ಅತ್ತೆಯನ್ನು ನೋಡಿದರು. ಆಮೇಲೆ ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಇಡೀ ಜನ್ಮದಲ್ಲಿ ಸಿರೇನ್‌ಗೆ ಹೀಗೆ ಮಾಡಿದ್ದು ನೋಡಿಲ್ಲ ಅಂದರು. ಅತ್ತೆ ಉಳಿದಿದ್ದ ಒಂದು ಮೊಳ ತಂದು ಅವರ ಗಿಡ್ಡ ಕೂದಲಿಗೆ ಪಿನ್ನು ಚುಚ್ಚಿ ಮುಡಿಸಿದರು. ಒಬ್ಬರಿಗೆ ರಷ್ಯನ್ ಬಿಟ್ಟರೆ ಕುಂಟು ಇಂಗ್ಲಿಷು, ಇನ್ನೊಬ್ಬರಿಗೆ ತುಳು, ಕನ್ನಡ. ಆದರೂ ಆ ಇಬ್ಬರೂ ಎರಡು ದಿನ ಒಂದು ಗಳಿಗೆ ಸುಮ್ಮನಿರಲಿಲ್ಲ. ಅತ್ತೆ ಅವರಿಗೆ ನೀರುದೋಸೆ ಹುಯ್ದು ಹಾಕಿದ್ದೇ ಹಾಕಿದ್ದು.

ಮಧ್ಯಾಹ್ನ ಟೀಚರ್ ತಮ್ಮ ಈಸೆಲ್ಲನ್ನು ಕಿಟಕಿಯಿಂದ ಎತ್ತಿ ದೇವರ ಮೂಲೆಯ ಎದುರು ಇಟ್ಟುಕೊಂಡರು. ಬಣ್ಣ ಕಲಸಿದರು. ದೀಪ, ಹಿತ್ತಾಳೆ ತಟ್ಟೆ, ಮಾಲೆ. ಮೊದಲ ಮುದ್ದೆ ಬಣ್ಣ ಹಲಗೆಯ ಮೇಲೆ ಬಿದ್ದದ್ದನ್ನು ನಾನು ಅಡುಗೆಮನೆಯಿಂದ ನೋಡಿದೆ. "ಬಾ, ಕೂತ್ಕೋ," ಎಂದು ಕರೆದರು. ಒಲೆಯ ಮೇಲೆ ಕಡಲೆ ಬೇಯುತ್ತಿತ್ತು. ಸಂಜೆಗೆ ಜನ ಬರುವವರಿದ್ದರು. ಹತ್ತು ನಿಮಿಷ ಎಂದೆ. ಇನ್ನೊಮ್ಮೆ ಕರೆದರು, ತಾಂಬೂಲದ ತಟ್ಟೆ ಜೋಡಿಸುತ್ತಿದ್ದೆ. ಮೂರನೆಯ ಸಲ ಕರೆಯಲಿಲ್ಲ. ನಿಜ ಹೇಳಬೇಕೆಂದರೆ ಹಟವೂ ಇತ್ತು. ನನಗೆ ಬೇಕಾಗಿದ್ದದ್ದು ಮಾಲೆಯಲ್ಲ. ಬಕೆಟ್ಟಿನಲ್ಲಿ ನಿಂತ ಲೈಲಾಕ್.

ಸಂಜೆ ಬಂದ ಹೆಂಗಸರು ಮಾಲೆಯನ್ನು ಹೊಗಳಿದರು, ಚಿತ್ರವನ್ನೂ ಹೊಗಳಿದರು. "ನೀವೂ ಪೇಂಟಿಂಗ್ ಮಾಡ್ತೀರಂತೆ?" ಎಂದು ಒಬ್ಬರು ನನ್ನನ್ನು ಕೇಳಿದರು. ನಾನು ಅವರ ತಟ್ಟೆಗೆ ಉಸಲಿ ಬಡಿಸುತ್ತಿದ್ದೆ.

ಭಾನುವಾರ ಮಧ್ಯಾಹ್ನದೊಳಗೆ ಚಿತ್ರ ಮುಗಿಯಿತು. ಹೇಗಿತ್ತು? ಚೆನ್ನಾಗಿತ್ತು. ಗ್ಯಾರೇಜಿನ ಗೋಡೆಯ ಮೇಲಿದ್ದದ್ದಕ್ಕಿಂತ ಚೆನ್ನಾಗಿತ್ತು. ಹಳದಿ ದೀಪದ ಬೆಳಕಿನಲ್ಲಿ ಬಾಡುತ್ತಿರುವ ಲೈಲಾಕನ್ನು ಅವರ ದೇಶದಲ್ಲಿ ಯಾರೂ ಬರೆದಿರಲಾರರು. ಅದನ್ನು ಅವರು ಅತ್ತೆಗೆ ಕೊಟ್ಟರು. ಅತ್ತೆ ಬಣ್ಣ ಆರದ ಆ ಹಲಗೆಯನ್ನು ಎರಡೂ ಕೈಯಲ್ಲಿ ಹಿಡಿದು ದೇವರ ಮೂಲೆಯಲ್ಲೇ ಇಟ್ಟು, ಅಂಚಿಗೆ ಒಂದು ಬೊಟ್ಟು ಕುಂಕುಮ ಹಚ್ಚಿದರು. ಊರಿಗೆ ಹೋಗುವಾಗ ತೆಗೆದುಕೊಂಡೂ ಹೋದರು.

ಏರ್‌ಪೋರ್ಟಿಗೆ ಬಿಡಲು ನಾನೇ ಹೋದೆ. ದಾರಿಯಲ್ಲಿ ಟೀಚರ್ ಅತ್ತೆಯ ಬಗ್ಗೆ, ದೋಸೆಯ ಬಗ್ಗೆ ಮಾತಾಡಿದರು. ಗಾಲಿಕುರ್ಚಿ ತಳ್ಳುವ ಹುಡುಗಿ ಬರುವುದನ್ನು ಕಾಯುತ್ತಾ ನಿಂತಿದ್ದಾಗ ನನಗೆ ತಡೆಯಲಾಗಲಿಲ್ಲ.

"ಟೀಚರ್, ಹೇಳ್ತೀನಿ ಅಂದಿದ್ರಿ. ನಾನು ಪೇಂಟರ್ ಹೌದೋ ಅಲ್ವೋ."

ಅವರು ನನ್ನ ಮುಖ ನೋಡಿದರು. "ಶುಕ್ರವಾರ ಎಷ್ಟು ಹೊತ್ತಿಗೆ ಹೂ ತಂದೆ?"

"ಮಧ್ಯಾಹ್ನ."

"ಶುಕ್ರವಾರ ಮಧ್ಯಾಹ್ನದಿಂದ ಕತ್ತಲಾಗೋ ತನಕ ಹೂ ನಿನ್ನ ಮನೇಲಿತ್ತು. ಶನಿವಾರ ಬೆಳಿಗ್ಗೇನೂ ಇತ್ತು. ನೀನು ಯಾಕೆ ಶುರು ಮಾಡಲಿಲ್ಲ?"

"ನಿಮಗೋಸ್ಕರ ಕಾದೆ ಟೀಚರ್. ನೀವು ಬಂದು ಕೂತ ಮೇಲೆ ಅಂತ."

"ಮತ್ತೆ ನನ್ನನ್ನ ಯಾಕೆ ಕೇಳ್ತೀಯ?" ಅಂದರು. ಬೈದು ಹೇಳಲಿಲ್ಲ. ಕೆನ್ನೆ ತಟ್ಟಿ ಹೇಳಿದರು. ಹುಡುಗಿ ಬಂದು ಕುರ್ಚಿ ತಳ್ಳಿಕೊಂಡು ಹೋದಳು.

ನಿಜವಾದ ಪೇಂಟರ್ ಕಾಯುತ್ತಿರಲಿಲ್ಲ ಅನ್ನುವ ಆ ಮಾತನ್ನು ನಾನು ಒಪ್ಪಲಿಲ್ಲ, ಇವತ್ತಿಗೂ ಒಪ್ಪುವುದಿಲ್ಲ. ಕಣ್ಣೆದುರಿಗೆ ಬರೆ ಎಂದವರು ಅವರೇ. ಗುರು ಬರುವ ಮೊದಲು ಕೈ ಹಚ್ಚಬಾರದು ಎಂದು ಬೆಳೆದವಳು ನಾನು. ವೀಣೆಗೆ ಕೂತರೂ ಹಾಗೇ, ಅಕ್ಷರಾಭ್ಯಾಸಕ್ಕೂ ಹಾಗೇ. ಅದೂ ಹೋಗಲಿ, ಶುಕ್ರವಾರ ಸಂಜೆ ನಾನು ಯಾರ ಹಾಸಿಗೆ ಹಾಸುತ್ತಿದ್ದೆ? ಯಾರ ಬಚ್ಚಲು ತಿಕ್ಕುತ್ತಿದ್ದೆ? ಅವರು ಮಲಗಿದ ಹಾಸಿಗೆ ತಾನಾಗಿ ಹಾಸಿಕೊಂಡಿರಲಿಲ್ಲ. ಅವರಿಗೂ ಒಂದು ಕಾಲದಲ್ಲಿ ಗಂಡ, ಅತ್ತೆ ಇದ್ದಿರಬೇಕು. ಅವರು ಬರೆದ ಆ ಪರೀಕ್ಷೆಯ ದಿನ ಅಡುಗೆ ಯಾರು ಮಾಡಿದ್ದರು ಎಂದು ನಾನೂ ಕೇಳಬೇಕಿತ್ತು. ಮಾತು ಹೊಳೆದದ್ದು ಕಾರ್ ಪಾರ್ಕಿನಲ್ಲಿ.

ಮನೆಗೆ ಬಂದಾಗ ಅತ್ತೆ ನಿರ್ಮಾಲ್ಯ ತೆಗೆಯುತ್ತಿದ್ದರು. ಮಾಲೆ ಕಂದಿ ಹೋಗಿತ್ತು. ಅವರ ಕೈಯಿಂದ ಅದನ್ನು ಇಸಿದುಕೊಂಡು ನೆಲದ ಮೇಲೆ ಕೂತು ಒಂದೊಂದೇ ಹೂ ನೋಡತೊಡಗಿದೆ.

"ಎಂತ ಹುಡುಕ್ತೀ?"

"ಅತ್ತೆ, ನೂಲು ಕಟ್ಟಿದ್ದ ಗೊಂಚಲು ಒಂದಿತ್ತಲ್ಲ. ಅದರಲ್ಲಿ ಒಂದು ಹೂವಿಗೆ ಐದು ಎಸಳಿತ್ತು."

"ಹೌದೌದು, ಇತ್ತು! ಊನ ಇರುವ ಹೂ ದೇವರಿಗೆ ಆಗುದಿಲ್ಲ ಅಲ್ವಾ, ತೆಗೆದು ಸಿಂಕಿನ ಕಟ್ಟೆ ಮೇಲೆ ಇಟ್ಟಿದ್ದೆ. ನಿನ್ನೆ ನೀನು ಬಕೆಟ್ ನೋಡ್ಲಿಕ್ಕೆ ಹೋದೆ. ನಿನ್ನ ಟೀಚರ್ ಸೀದಾ ಅಲ್ಲಿಗೆ ಬಂದು, ಅದನ್ನು ಎತ್ತಿ, ಕಣ್ಣು ಮುಚ್ಚಿ ಬಾಯಿಗೆ ಹಾಕ್ಕೊಂಡ್ರು ಮಾರಾಯ್ತಿ! ನಾನು ಹೆದರಿದೆ, ವಿಷ ಗಿಷ ಇದ್ದರೆ ಅಂತ. ಪಾಪ, ಹಸಿವಾಗಿತ್ತೋ ಏನೋ. ಅದಕ್ಕೇ ಬೇಗ ಬೇಗ ದೋಸೆ ಹುಯ್ದು ಕೊಟ್ಟದ್ದು."

ಮಾಲೆ ಕೆಳಗಿಟ್ಟೆ. ಒಬ್ಬರಿಗೆ ಅದು ಊನ, ಇನ್ನೊಬ್ಬರಿಗೆ ಅದು ವರ. ಅದು ಯಾರದೆಂದು ಇಬ್ಬರೂ ಕೇಳಲಿಲ್ಲ. ಟೀಚರ್‌ಗಂತೂ ಕೇಳುವುದೂ ಬೇಕಿರಲಿಲ್ಲ, ಅವರಿಗೆ ಗೊತ್ತಿತ್ತು. ಏನು ಬೇಡಿಕೊಂಡರೋ ಏನೋ. ಇನ್ನೊಂದು ಲೈಲಾಕ್ ಬರೆಯುವ ಆಸೆಯಿದ್ದಿದ್ದರೆ ಅದು ಆ ಮಧ್ಯಾಹ್ನವೇ ಕೈಗೂಡಿತು. ಆ ಹೂವಿನ ಬಗ್ಗೆ ನಾನು ಅವರನ್ನು ಕೇಳಲಿಲ್ಲ. ಡಿಸೆಂಬರಿನಲ್ಲಿ ಅವರು ಕೆನಡಾಕ್ಕೆ ಹೋದರು. ನನ್ನ ಈಸೆಲ್ ಗ್ಯಾರೇಜಿಗೆ ಹೋಯಿತು.

ಆ ಭಾನುವಾರ ಸಂಜೆಯೇ ಅತ್ತೆ ದೀಪದ ಬತ್ತಿ ಸರಿಮಾಡುತ್ತಾ ಕೇಳಿದ್ದರು, "ನವರಾತ್ರಿ ಇನ್ನೂ ಉಂಟಲ್ಲ. ಆ ಹೂ ಇನ್ನೊಮ್ಮೆ ಸಿಗ್ತದಾ? ನನ್ನ ಬೆರಳು ಯಾಕೋ ಹಿಡ್ಕೊಂಡಿದೆ, ನೀನು ಸ್ವಲ್ಪ ಕಟ್ಟಿಕೊಟ್ಟರೆ ಆಗ್ತಿತ್ತು."

ಮಂಗಳವಾರ ಬೆಟ್ಟಕ್ಕೆ ಹೋಗಿ ತಂದುಕೊಟ್ಟೆ. ಅಡುಗೆಮನೆಯ ನೆಲದ ಮೇಲೆ ಪತ್ರಿಕೆ ಹಾಸಿ, ಬಕೆಟ್ ಪಕ್ಕದಲ್ಲಿಟ್ಟುಕೊಂಡು, ಮಾಲೆ ಕಟ್ಟಿದ್ದೂ ನಾನೇ. ಒಂದೊಂದು ಹೂವನ್ನೂ ತಿರುಗಿಸಿ ನೋಡಿಯೇ ಕಟ್ಟಿದೆ. ಎಲ್ಲದಕ್ಕೂ ನಾಲ್ಕೇ ಎಸಳು.